ಎತ್ತರದ ರೋಲರ್ ಕೋಸ್ಟರೇ ಒಳ್ಳೆಯದಾ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಗಣಿತ ಟೀಚರ್. ವಯಸ್ಸು 51. ಮಗ ಅಮೆರಿಕದ ಕೊಲಂಬಸ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ರೋಲರ್ ಕೋಸ್ಟರ್ ಹುಚ್ಚು. ಜುಲೈನಲ್ಲಿ ನಾವು ಹೋದಾಗ ಸೀಡರ್ ಪಾಯಿಂಟ್ ಅನ್ನುವ ಪಾರ್ಕಿಗೆ ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿನ 310 ಅಡಿ ಎತ್ತರದ ಕೋಸ್ಟರ್ ಬಗ್ಗೆ ಕೇಳಿದರೆ 'ಪರವಾಗಿಲ್ಲ' ಅಂತಾನೆ. ಪೆನ್ಸಿಲ್ವೇನಿಯಾದ ಯಾವುದೋ ಹಳ್ಳಿಯ 78 ಅಡಿಯ ಹಳೇ ಮರದ ಕೋಸ್ಟರ್ ಅಂದರೆ ಮಾತ್ರ ಕಣ್ಣು ಅರಳುತ್ತದೆ. ಇದು ಸುಮ್ನೆ ಜಂಬವಾ? ಅಥವಾ ಇದಕ್ಕೂ ಏನಾದರೂ ಲೆಕ್ಕ ಇದೆಯಾ? ಹಿಂದೊಮ್ಮೆ ಒಂದು ಪಾರ್ಕಿನಲ್ಲಿ ಕೋಸ್ಟರ್ ಹತ್ತಿ ಎರಡು ದಿನ ಕಿವಿ ನೋವಿತ್ತು. ಆ ಭಯ ಇನ್ನೂ ಹೋಗಿಲ್ಲ. ನಾನು ಯಾವುದು ಹತ್ತಬಹುದು?

ಉತ್ತರ:

ಮೇಡಂ, ನಿಮ್ಮ ಮಗ ಹೇಳಿದ್ದರಲ್ಲಿ ಜಂಬ ಸ್ವಲ್ಪ ಇರಬಹುದು. ಆದರೆ ಲೆಕ್ಕ ಜಾಸ್ತಿ ಇದೆ. ನಾನು ಯಂತ್ರಗಳ ಕಂಪನ ಅಳೆಯುವ ಇಂಜಿನಿಯರ್. ಓಹಾಯೋದಲ್ಲಿ ಒಂಬತ್ತು ವರ್ಷ ಇದ್ದೆ. ಆ ಒಂಬತ್ತು ವರ್ಷದ ಬೇಸಿಗೆಯ ಶನಿವಾರಗಳೆಲ್ಲ ಹೆಚ್ಚುಕಡಿಮೆ ಕೋಸ್ಟರ್ ಕ್ಯೂಗಳಲ್ಲೇ ಕಳೆದವು. ನೀವು ಗಣಿತದವರು ಅಂದಿದ್ದೀರಿ, ಹಾಗಾಗಿ ಧೈರ್ಯವಾಗಿ ಲೆಕ್ಕವನ್ನೇ ಇಡುತ್ತೇನೆ. ಅದಕ್ಕೆ ಮುಂಚೆ ಒಂದು ಬಸ್ಸಿನ ವಿಷಯ.

ನಮ್ಮ ಕೆಂಪು ಬಸ್ಸಿನ ಕೊನೇ ಸೀಟಿನಲ್ಲಿ ನೀವೂ ಕೂತಿರುತ್ತೀರಿ. ಡ್ರೈವರ್ ಹಂಪ್ ನೋಡುವುದಿಲ್ಲ. ಮುಂದಿನ ಚಕ್ರ ದಾಟುತ್ತದೆ, ಮುಂದೆ ಕೂತವರಿಗೆ ಏನೂ ಆಗುವುದಿಲ್ಲ. ಹಿಂದಿನ ಚಕ್ರ ಹತ್ತುವ ಹೊತ್ತಿಗೆ ಕೊನೇ ಸಾಲಿನ ಐದೂ ಜನ ಸೀಟಿನಿಂದ ಮೇಲೆ. ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಜಾರಿದ ಹಾಗೆ. ಮಡಿಲಲ್ಲಿದ್ದ ಚೀಲವೂ ನಿಮ್ಮ ಜೊತೆ ತೇಲುತ್ತದೆ. ದೊಡ್ಡವರು ಡ್ರೈವರಿಗೆ ಬೈಯುತ್ತಾರೆ, ಮಕ್ಕಳು ನಗುತ್ತಾರೆ. ಕೋಸ್ಟರ್ ಹುಚ್ಚಿನವರು ಅಂದರೆ ಆ ನಗು ದೊಡ್ಡವರಾದ ಮೇಲೂ ನಿಲ್ಲದವರು, ಅಷ್ಟೇ. ಆ ಕ್ಷಣಕ್ಕೆ ಅವರು ಇಟ್ಟಿರುವ ಹೆಸರು ಏರ್‌ಟೈಮ್. ಮೆತ್ತಗೆ ತೇಲಿಸಿದರೆ ಫ್ಲೋಟರ್, ಸೀಟಿನಿಂದ ಕಿತ್ತು ಎಸೆದರೆ ಇಜೆಕ್ಟರ್. ಇಬ್ಬರು ಕೋಸ್ಟರ್ ಪ್ರಿಯರು ಸೇರಿದರೆ ಅರ್ಧ ಜಗಳ ಈ ಎರಡರಲ್ಲಿ ಯಾವುದು ಮೇಲು ಅಂತಲೇ.

ಈಗ ಲೆಕ್ಕ. ಹಳಿಯ ದಿಬ್ಬದ ನೆತ್ತಿಯಲ್ಲಿ ನೀವು ಸೀಟಿನಿಂದ ಏಳಬೇಕಾದರೆ ವೇಗದ ವರ್ಗವನ್ನು ದಿಬ್ಬದ ತ್ರಿಜ್ಯದಿಂದ ಭಾಗಿಸಿದಾಗ ಬರುವ ಸಂಖ್ಯೆ ಗುರುತ್ವಕ್ಕಿಂತ ಜಾಸ್ತಿ ಇರಬೇಕು. ಆ ಸೂತ್ರದಲ್ಲಿ ಕೋಸ್ಟರಿನ ಎತ್ತರ ಎಲ್ಲೂ ನೇರವಾಗಿ ಕಾಣಿಸುವುದಿಲ್ಲ. ವೇಗದ ಮೂಲಕ ಹಿಂಬಾಗಿಲಿಂದ ಬರುತ್ತದೆ, ನಿಜ. ಆದರೆ ಎತ್ತರ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದರೆ ಮನುಷ್ಯನ ಮೈ ತಡೆಯಬೇಕಲ್ಲ, ಆಗ ದಿಬ್ಬವನ್ನೂ ಅಷ್ಟೇ ಅಗಲ ಮಾಡಬೇಕು. ಮೇಲೆ ಸಿಕ್ಕಿದ್ದು ಕೆಳಗೆ ಹೋಯಿತು.

ನೀವು ಹೇಳಿದ ಎರಡು ಕೋಸ್ಟರುಗಳನ್ನೇ ತಗೊಳ್ಳೋಣ. 310 ಅಡಿಯದು ಮಿಲೇನಿಯಂ ಫೋರ್ಸ್, 2000ದಲ್ಲಿ ಶುರುವಾಯಿತು. ಗಂಟೆಗೆ 93 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್ ವೇಗ. ಹಳ್ಳಿಯದು ಫೀನಿಕ್ಸ್, ಎಲಿಸ್‌ಬರ್ಗ್ ಹತ್ತಿರದ ಕನೋಬೆಲ್ಸ್ ಪಾರ್ಕಿನಲ್ಲಿದೆ. 78 ಅಡಿ, 45 ಮೈಲಿ ವೇಗ. ಎತ್ತರ ಹೆಚ್ಚುಕಡಿಮೆ ನಾಲ್ಕು ಪಟ್ಟು, ವೇಗ ಎರಡೇ ಪಟ್ಟು. ವರ್ಗಮೂಲ ನಿಮ್ಮ ಕಣ್ಣಿಗೆ ಆಗಲೇ ಬಿದ್ದಿರುತ್ತದೆ. ದಿಬ್ಬದ ಆಕಾರ ಒಂದೇ ಇಟ್ಟುಕೊಂಡು ಎಲ್ಲವನ್ನೂ ನಾಲ್ಕು ಪಟ್ಟು ಹಿಗ್ಗಿಸಿದಿರಿ ಅಂದುಕೊಳ್ಳಿ. ಪ್ರತಿ ದಿಬ್ಬದ ಮೇಲೆ ತೇಲುವ ಹೊತ್ತು ಎರಡು ಪಟ್ಟಾಗುತ್ತದೆ. ಆದರೆ ಒಂದೊಂದು ದಿಬ್ಬ ತಿನ್ನುವ ಹಳಿ ನಾಲ್ಕು ಪಟ್ಟಾಗುತ್ತದೆ. ಮಿಲೇನಿಯಂ ಫೋರ್ಸ್ ಹಳಿಯ ಉದ್ದ 6,595 ಅಡಿ, ಫೀನಿಕ್ಸಿನದು ಸುಮಾರು 3,200. ಅಂದರೆ ಎರಡು ಪಟ್ಟು ಹಳಿಯಲ್ಲಿ ಅರ್ಧದಷ್ಟೇ ದಿಬ್ಬ ಹಿಡಿಯುತ್ತದೆ. ಅರ್ಧದಷ್ಟು ದಿಬ್ಬ, ದಿಬ್ಬಕ್ಕೆ ಎರಡರಷ್ಟು ಹೊತ್ತು. ಗುಣಿಸಿದರೆ ಇಬ್ಬರೂ ಸಮ! ಘರ್ಷಣೆ, ಗಾಳಿ, ತಿರುವು ಎಲ್ಲ ಬಿಟ್ಟು ಮಾಡಿದ ಒರಟು ಲೆಕ್ಕ ಇದು. ಆದರೂ 230 ಅಡಿ ಹೆಚ್ಚುವರಿ ಉಕ್ಕು ಹಾಕಿ ನಿಲ್ಲಿಸಿದ್ದು ಏರ್‌ಟೈಮ್ ವಿಷಯದಲ್ಲಿ ಏನೂ ಗೆದ್ದುಕೊಡಲಿಲ್ಲ ಅನ್ನುವುದು ಗೊತ್ತಾಗುತ್ತದೆ.

ಮಿಲೇನಿಯಂ ಫೋರ್ಸಿಗೆ ಕೋಸ್ಟರ್ ಮಂದಿ 'ಫೋರ್ಸ್‌ಲೆಸ್' ಅಂತ ಅಡ್ಡಹೆಸರು ಇಟ್ಟಿರುವುದು ಇದೇ ಕಾರಣಕ್ಕೆ. ವೇಗ ಇದೆ, ಎಳೆತ ಇಲ್ಲ ಅಂತ. ನನಗೆ ಈ ಹೆಸರು ಸ್ವಲ್ಪ ಅನ್ಯಾಯ ಅನಿಸುತ್ತದೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಮುಂದಿನ ಸೀಟಿನಲ್ಲಿ ಕೂತು ನೋಡಿ. ಚೈನಿನ ಬದಲು ಉಕ್ಕಿನ ಕೇಬಲ್ ನಿಮ್ಮನ್ನು ಸದ್ದಿಲ್ಲದೆ ಸರಸರ ಮೇಲೆ ಒಯ್ಯುತ್ತದೆ. ಒಂದು ಕಡೆ ಈರೀ ಸರೋವರ, ಆಚೆ ದಡ ಕಾಣುವುದಿಲ್ಲ, ಸಮುದ್ರವೇ ಅನ್ನಬೇಕು. ಆಮೇಲೆ 80 ಡಿಗ್ರಿಯ ಇಳಿಜಾರು. ಅಷ್ಟು ವೇಗದಲ್ಲಿ ಅಷ್ಟು ನುಣ್ಣಗೆ ಹೋಗುವುದೂ ಒಂದು ಸುಖ. ನಿಮ್ಮ ಮಗನ ವಯಸ್ಸಿಗೆ ಅದು ಅರ್ಥವಾಗುವುದಿಲ್ಲ, ಬಿಡಿ.

ಫೀನಿಕ್ಸಿನ ಕಥೆ ಮಾತ್ರ ಪೂರ್ತಿ ಹೇಳಲೇಬೇಕು. 1940ರ ದಶಕದ ಕೊನೆಯಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 'ರಾಕೆಟ್' ಅನ್ನುವ ಹೆಸರಿನಲ್ಲಿ ಕಟ್ಟಿದ್ದು. ವಿನ್ಯಾಸ ಹರ್ಬರ್ಟ್ ಶ್ಮೆಕ್ ಅವರದು. 1980ರಲ್ಲಿ ಆ ಪಾರ್ಕ್ ಮುಚ್ಚಿತು, ಕೋಸ್ಟರ್ ಹಾಗೇ ನಿಂತಿತ್ತು. ಕನೋಬೆಲ್ಸ್‌ನವರು ಅದನ್ನು ಕೊಂಡು, ಒಂದೊಂದು ಮರದ ತುಂಡಿಗೂ ಗುರುತು ಹಾಕಿ ಬಿಚ್ಚಿ, ದೇಶದ ಆ ತುದಿಯಿಂದ ಈ ತುದಿಗೆ ಸಾಗಿಸಿ, 1985ರಲ್ಲಿ ಮತ್ತೆ ಜೋಡಿಸಿದರು. ಮಲೆನಾಡಿನಲ್ಲಿ ಹಳೇ ತೊಟ್ಟಿಮನೆ ಬಿಚ್ಚಿ ಇನ್ನೊಂದು ಕಡೆ ಕಟ್ಟುತ್ತಾರಲ್ಲ, ಹಾಗೆ. ಬೂದಿಯಿಂದ ಎದ್ದ ಹಕ್ಕಿಯ ಹೆಸರು ಬಂದಿದ್ದು ಅದಕ್ಕೇ. 'ಅಮ್ಯೂಸ್‌ಮೆಂಟ್ ಟುಡೇ' ಪತ್ರಿಕೆಯ ಗೋಲ್ಡನ್ ಟಿಕೆಟ್ ಪ್ರಶಸ್ತಿಯಲ್ಲಿ ಈ ಮುದುಕ 2018ರಿಂದ ಈಚೆಗೆ ಹಲವು ಸಲ ಅತ್ಯುತ್ತಮ ಮರದ ಕೋಸ್ಟರ್ ಅನಿಸಿಕೊಂಡಿದ್ದಾನೆ.

ನಾನು ಮೊದಲ ಸಲ ಹತ್ತಿದಾಗ ಸಾಯಂಕಾಲ ಮಳೆ ನಿಂತಿತ್ತು. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಜಾತ್ರೆಯ ಹಾಗೆ ಸವಾರಿಗಿಷ್ಟು ಅಂತ ಟಿಕೆಟ್. ಸೀಟು ಅಂದರೆ ಬೆಂಚು, ಇಬ್ಬರ ನಡುವೆ ಅಡ್ಡ ಏನೂ ಇಲ್ಲ. ತೊಡೆಯ ಮೇಲೆ ಒಂದು ಬಾರ್ ಬಂದು ಕೂರುತ್ತದೆ. ಕೂರುತ್ತದೆ ಅಂದೆ, ತಪ್ಪು. ತೊಡೆಗೂ ಬಾರಿಗೂ ನಡುವೆ ಒಂದು ಗೇಣು ಜಾಗ ಹಾಗೇ ಉಳಿಯುತ್ತದೆ. ಇದನ್ನು ನೋಡಿ ನನಗೆ ಗಾಬರಿ. ಪಕ್ಕದಲ್ಲಿದ್ದ ಅಜ್ಜ ನಕ್ಕ. ಹೊರಟ ತಕ್ಷಣ ಕತ್ತಲ ಸುರಂಗ, ಒದ್ದೆ ಮರದ ವಾಸನೆ, ಆಮೇಲೆ ಚೈನಿನ ಟಕ್ ಟಕ್ ಟಕ್. ಮೊದಲ ಇಳಿತ ಸಾಧಾರಣ. ನಿಜವಾದ ಮಜಾ ಕೊನೆಯಲ್ಲಿ, ಒಂದರ ಹಿಂದೆ ಒಂದು ಬರುವ ಸಣ್ಣ ದಿಬ್ಬಗಳಲ್ಲಿ. ಪ್ರತಿ ದಿಬ್ಬಕ್ಕೂ ಬೆಂಚು ಬಿಟ್ಟು ಮೇಲೆ, ತೊಡೆ ಹೋಗಿ ಬಾರಿಗೆ ತಾಗಿ, ಮತ್ತೆ ಧಡ್ ಅಂತ ಬೆಂಚಿಗೆ. ನನ್ನ ಹಿಂದಿನ ಸಾಲಿನ ಹೆಂಗಸು ಕಿರುಚಲಿಲ್ಲ, ನಕ್ಕೂ ನಕ್ಕೂ ಬಿಕ್ಕಳಿಸುತ್ತಿದ್ದಳು. ಇಳಿದವನೇ ಮತ್ತೆ ಟಿಕೆಟ್ ತಗೊಂಡೆ.

ಬಾರಿನ ಆ ಒಂದು ಗೇಣು ಜಾಗ ಇಲ್ಲಿ ಮುಖ್ಯ. ಹಳಿ ಎಷ್ಟೇ ಚೆನ್ನಾಗಿ ಬರೆದಿರಲಿ, ಸಿಬ್ಬಂದಿ ಬಾರನ್ನು ತೊಡೆಗೆ ಒತ್ತಿ ಕೂರಿಸಿದರೆ ನೀವು ಏಳುವುದೆಲ್ಲಿಗೆ? ಹೀಗೆ ಒತ್ತುವುದಕ್ಕೆ ಅಲ್ಲಿನವರು ಸ್ಟೇಪಲ್ ಮಾಡುವುದು ಅಂತಾರೆ. ಒಳ್ಳೆ ಕೋಸ್ಟರನ್ನು ಕೆಡಿಸುವ ಇನ್ನೊಂದು ದಾರಿ ಟ್ರಿಮ್ ಬ್ರೇಕ್, ಅಂದರೆ ನಡುದಾರಿಯಲ್ಲಿ ವೇಗ ಕದಿಯುವ ಬ್ರೇಕ್. ಹಳಿ ಹಾಳಾಗದಿರಲಿ ಅಂತ ಹಾಕುತ್ತಾರೆ, ಕಾರಣ ಸರಿಯೇ ಇರುತ್ತದೆ. ಆದರೂ ಟ್ರಿಮ್ ಅಂದರೆ ಕೋಸ್ಟರ್ ಮಂದಿಗೆ ಮೈ ಉರಿ.

ಈ ಸೀಟು ಬಿಟ್ಟು ಏಳುವ ಆಟವೆಲ್ಲ ಸಾಧ್ಯ ಆಗಿದ್ದು ಜಾನ್ ಮಿಲ್ಲರ್ ಅನ್ನುವವರ ಒಂದು ಚಕ್ರದಿಂದ. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ಶುರು ಮಾಡಿದ ಸ್ವಿಚ್‌ಬ್ಯಾಕ್ ರೈಲು ಗಂಟೆಗೆ ಆರು ಮೈಲಿ ಹೋಗುತ್ತಿತ್ತು. ಟಿಕೆಟ್ ಐದು ಸೆಂಟ್. ನಮ್ಮ ಎತ್ತಿನ ಗಾಡಿಗಿಂತ ಸ್ವಲ್ಪ ಜೋರು ಅಷ್ಟೇ. ಅದಕ್ಕಿಂತ ಜೋರು ಹೋದರೆ ದಿಬ್ಬದ ಮೇಲೆ ಗಾಡಿಯೇ ಹಳಿ ಬಿಟ್ಟು ಹಾರಿಬಿಡುವ ಭಯ. ಮಿಲ್ಲರ್ 1919ರ ಹೊತ್ತಿಗೆ ಹಳಿಯ ಅಡಿಯಿಂದಲೂ ಒಂದು ಚಕ್ರ ಹಿಡಿಯುವ ಹಾಗೆ ಮಾಡಿ ಪೇಟೆಂಟ್ ತಗೊಂಡರು. ಗಾಡಿ ಹಳಿಗೆ ಬೀಗ ಹಾಕಿದ ಹಾಗಾಯಿತು. ಆಮೇಲೆ ದಿಬ್ಬಗಳು ಕಡಿದಾದವು, ಜನ ಹಾರಲು ಶುರು ಮಾಡಿದರು. ಮೇಲೆ ಹತ್ತುವಾಗ ಕೇಳುವ ಟಕ್ ಟಕ್ ಕೂಡ ಅವರದೇ ಕೊಡುಗೆ. ಚೈನು ಕಡಿದರೂ ಗಾಡಿ ಹಿಂದಕ್ಕೆ ಜಾರದ ಹಾಗೆ ಹಿಡಿಯುವ ಕೊಕ್ಕೆಯ ಸದ್ದು ಅದು. ಭಯ ಹುಟ್ಟಿಸುವ ಆ ಸದ್ದೇ ನಿಮ್ಮ ರಕ್ಷಣೆ.

ಇನ್ನು ನಿಮ್ಮ ಕಿವಿ ನೋವಿಗೆ ಬರೋಣ. ತಪ್ಪು ನಿಮ್ಮ ವಯಸ್ಸಿನದಲ್ಲ, ಹಳಿಯದು.

ಮೊದಲಿಗೆ ಲೂಪ್, ಅಂದರೆ ಗಾಡಿ ತಲೆಕೆಳಗಾಗಿ ಒಂದು ಸುತ್ತು ಬರುವ ಹಳಿ. 1895ರಲ್ಲಿ ಕೋನಿ ಐಲ್ಯಾಂಡ್‌ನಲ್ಲೇ ಫ್ಲಿಪ್ ಫ್ಲ್ಯಾಪ್ ಅನ್ನುವ ಕೋಸ್ಟರ್ ಬಂತು. ಅದರ ಲೂಪ್ ಪೂರ್ತಿ ವೃತ್ತ. ಜನರ ಕುತ್ತಿಗೆ ಉಳುಕಿತು. ಯಾಕೆ ಅಂತ ನಿಮ್ಮ ಹತ್ತನೇ ಕ್ಲಾಸಿನ ಮಕ್ಕಳೂ ತೆಗೆಯಬಲ್ಲರು. ವೃತ್ತದ ನೆತ್ತಿಯಲ್ಲಿ ಬೀಳದೆ ದಾಟಲು ವೇಗದ ವರ್ಗ ಕನಿಷ್ಠ ಗುರುತ್ವ ಗುಣಿಸು ತ್ರಿಜ್ಯದಷ್ಟು ಇರಬೇಕು. ಶಕ್ತಿಯ ಲೆಕ್ಕ ಹಿಡಿದು ಕೆಳಗೆ ಬಂದರೆ ಅದು ಐದು ಪಟ್ಟಾಗುತ್ತದೆ. ಅದಕ್ಕೆ ನಿಮ್ಮ ಸ್ವಂತ ತೂಕ ಒಂದು ಸೇರಿಸಿ, ಆರು. ಐವತ್ತು ಕೆಜಿಯ ಮನುಷ್ಯನಿಗೆ ಮುನ್ನೂರು ಕೆಜಿ ಭಾರ. ಅದೂ ಮೆಲ್ಲಗೆ ಅಲ್ಲ, ನೇರ ಹಳಿ ಮುಗಿದು ವೃತ್ತ ಶುರುವಾದ ಆ ಬಿಂದುವಿನಲ್ಲಿ ಒಂದರಿಂದ ಆರಕ್ಕೆ ಒಂದೇ ಏಟು. ಇದು ಕನಿಷ್ಠ, ಜೋರಾಗಿ ಬಂದರೆ ಇನ್ನೂ ಜಾಸ್ತಿ.

ಇದನ್ನು ಸರಿಮಾಡಿದ್ದು ಜರ್ಮನಿಯ ಇಂಜಿನಿಯರ್ ವೆರ್ನರ್ ಸ್ಟೆಂಗೆಲ್. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿಗೆ ಆಂಟನ್ ಶ್ವಾರ್ಟ್ಸ್‌ಕಾಫ್ ಕಟ್ಟಿಕೊಟ್ಟ ರೆವಲ್ಯೂಷನ್ ಕೋಸ್ಟರಿನ ಲೂಪ್ ನೀರಿನ ಹನಿಯನ್ನು ತಲೆಕೆಳಗು ಮಾಡಿದ ಹಾಗಿದೆ. ಕೆಳಗೆ ಅಗಲ ತಿರುವು, ಮೇಲೆ ಹೋಗುತ್ತಾ ಬಿಗಿ. ವೇಗ ಜಾಸ್ತಿ ಇರುವಲ್ಲಿ ತ್ರಿಜ್ಯ ಜಾಸ್ತಿ, ವೇಗ ಕಡಿಮೆ ಇರುವಲ್ಲಿ ತ್ರಿಜ್ಯ ಕಡಿಮೆ. ಹೇಳಿದ ಮೇಲೆ ಎಷ್ಟು ಸರಳ, ಅಲ್ವಾ? ರೈಲ್ವೆಯವರು ಹಳಿ ತಿರುಗಿಸುವಾಗ ಒಮ್ಮೆಗೇ ತಿರುಗಿಸದೆ ಮೆಲ್ಲಗೆ ಬಾಗಿಸುತ್ತಾರಲ್ಲ, ಅದೇ ಬುದ್ಧಿ.

ಎರಡನೆಯದು ತಲೆ. ಹಳೇ ಕಾಲದ ಉಕ್ಕಿನ ಕೋಸ್ಟರುಗಳಲ್ಲಿ ಹಳಿ ತಿರುಚಿಕೊಳ್ಳುವಾಗ ತಿರುಗುವ ಅಚ್ಚು ಹಳಿಯಲ್ಲೇ ಇರುತ್ತಿತ್ತು, ಅಂದರೆ ನಿಮ್ಮ ಕಾಲಿನ ಹತ್ತಿರ. ಛತ್ರಿಯ ಹಿಡಿ ಹಿಡಿದು ಅಲ್ಲಾಡಿಸಿ ನೋಡಿ, ತುದಿ ಎಷ್ಟು ದೂರ ಬೀಸುತ್ತದೆ? ಆ ತುದಿ ನಿಮ್ಮ ತಲೆ. ಅದರ ಎರಡೂ ಪಕ್ಕ ಗಟ್ಟಿ ಭುಜಪಟ್ಟಿ. ಎಡಕ್ಕೊಂದು ಏಟು, ಬಲಕ್ಕೊಂದು. ಕಿವಿಯೋಲೆ ಹಾಕಿಕೊಂಡಿದ್ದರೆ ಕೇಳಲೇಬೇಡಿ. ಈಗಿನವರು ಅಚ್ಚನ್ನು ಕೂತವರ ಎದೆಯ ಮಟ್ಟಕ್ಕೆ ತಂದು, ಮೈ ನಿಂತಲ್ಲೇ ನಿಂತು ಹಳಿಯೇ ಸುತ್ತ ತಿರುಗುವ ಹಾಗೆ ಬರೆಯುತ್ತಾರೆ. ಹಾರ್ಟ್‌ಲೈನ್ ಅಂತ ಅದರ ಹೆಸರು. ಇದರ ಹಿಂದೆಯೂ ಸ್ಟೆಂಗೆಲ್ ಇದ್ದಾರೆ.

ಹಾಗಂತ ಕಂಪ್ಯೂಟರ್ ಬಂದ ಮೇಲೆ ಯಾರೂ ಎಡವುವುದಿಲ್ಲ ಅಂತಲ್ಲ. ಸೀಡರ್ ಪಾಯಿಂಟ್‌ನ ಮ್ಯಾವರಿಕ್ 2007ರ ಮೇ ತಿಂಗಳಲ್ಲಿ ಶುರುವಾಗಬೇಕಿತ್ತು. ಹಳಿ ಪೂರ್ತಿ ನಿಂತು ಪರೀಕ್ಷೆ ಓಡಿಸಿದಾಗ ಒಂದು ಉರುಳಾಟದಲ್ಲಿ ಮೈಗೆ ಬೀಳುವ ಎಳೆತ ಅತಿಯಾಯಿತು ಅಂತ ಕಂಡಿತು. ಕಟ್ಟಿ ನಿಲ್ಲಿಸಿದ ಆ ತುಂಡನ್ನೇ ಕಿತ್ತು ಬೇರೆ ಹಳಿ ಹಾಕಿ ಎರಡು ವಾರ ತಡವಾಗಿ ತೆರೆದರು. ನನಗೆ ಈ ಪ್ರಸಂಗ ತುಂಬಾ ಇಷ್ಟ. ಖರ್ಚಾಗಿದೆ, ಇರಲಿ ಬಿಡಿ ಅನ್ನದೆ ಕಿತ್ತರಲ್ಲ. ಎತ್ತರ ಬರೀ 105 ಅಡಿಯ ಈ ಕೋಸ್ಟರ್ 310 ಅಡಿಯ ನೆರೆಮನೆಯವನಿಗಿಂತ ಮೇಲು ಅನ್ನುವ ಜನ ಬೇಕಾದಷ್ಟಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಎತ್ತರ ಬೇಡ ಅನ್ನುವುದಕ್ಕೆ ಇಂಗ್ಲೆಂಡಿನ ನೆಮೆಸಿಸ್ ಇನ್ನೂ ಚಂದದ ಸಾಕ್ಷಿ. ಆಲ್ಟನ್ ಟವರ್ಸ್ ಪಾರ್ಕಿನಲ್ಲಿ ಮರಗಳ ತಲೆಗಿಂತ ಮೇಲೆ ಏನೂ ಕಟ್ಟುವ ಹಾಗಿಲ್ಲ. ಅದನ್ನು ರೂಪಿಸಿದ ಜಾನ್ ವಾರ್ಡ್ಲಿ, ಮೇಲೆ ಹೋಗಲಾಗದಿದ್ದರೆ ಕೆಳಗೆ ಹೋಗೋಣ ಅಂತ ಬಂಡೆ ಸಿಡಿಸಿ ಹಳ್ಳ ತೋಡಿಸಿದರು. 1994ರಲ್ಲಿ ತೆರೆದ ಆ ಕೋಸ್ಟರಿನ ಎತ್ತರ ನೆಲದಿಂದ ಸುಮಾರು 13 ಮೀಟರ್. ಇಳಿಯುವುದು ಮಾತ್ರ ಅದರ ಎರಡು ಪಟ್ಟಿಗಿಂತ ಜಾಸ್ತಿ! ಸೀಟು ಹಳಿಯ ಅಡಿಗೆ ತೂಗುತ್ತದೆ, ನೇತಾಡುವ ಕಾಲಿನ ಪಕ್ಕದಲ್ಲೇ ಬಂಡೆ ಸರಿದುಹೋಗುವಾಗ ವೇಗ ಇದ್ದದ್ದಕ್ಕಿಂತ ದುಪ್ಪಟ್ಟು ಅನಿಸುತ್ತದೆ. ಬಯಲಿನಲ್ಲಿ ಕಾರು 80ರಲ್ಲಿ ಹೋದರೂ ಗೊತ್ತಾಗುವುದಿಲ್ಲ, ಆಗುಂಬೆಯ ತಿರುವಿನಲ್ಲಿ 30 ಕೂಡ ಜಾಸ್ತಿ.

ದಾಖಲೆಗಾಗಿ ಕಟ್ಟಿದವುಗಳ ಗತಿಯೂ ನೋಡಿ. ನ್ಯೂಜೆರ್ಸಿಯ ಕಿಂಗ್ಡ ಕಾ 2005ರಲ್ಲಿ ಬಂದಾಗ 456 ಅಡಿ, ಜಗತ್ತಿಗೇ ಎತ್ತರ. ಒಂದು ಎಸೆತ, ಮೇಲೆ, ಕೆಳಗೆ, ಮುಗೀತು. ಅಲ್ಲಿನ ಕನ್ನಡದ ಗೆಳೆಯರ ಜೊತೆ ಹೋದಾಗ ಗಂಟೆಗಟ್ಟಲೆ ಕ್ಯೂ ನಿಂತು ಅರ್ಧ ನಿಮಿಷದಲ್ಲಿ ಇಳಿದೆವು. ಆಮೇಲೆ ಅದೇ ಪಾರ್ಕಿನ ಎಲ್ ಟೋರೊ ಅನ್ನುವ 181 ಅಡಿಯ ಮರದ ಕೋಸ್ಟರ್ ಹತ್ತಿದ ಗೆಳೆಯರು ಕತ್ತಲಾಗುವವರೆಗೆ ಅದನ್ನು ಬಿಟ್ಟು ಕದಲಲಿಲ್ಲ. ಕಿಂಗ್ಡ ಕಾ 2024ರಲ್ಲಿ ನಿಂತಿತು. 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಕೆಡವಿದರು.

ಕೋಸ್ಟರ್ ಪ್ರಿಯರೆಲ್ಲ ಒಂದೇ ಮಾತಿನವರು ಅಂದುಕೊಳ್ಳಬೇಡಿ. ಸ್ವಿಟ್ಜರ್ಲೆಂಡಿನ ಬೊಲಿಗರ್ ಮತ್ತು ಮಾಬಿಯಾರ್ ಕಂಪನಿಯ ಕೋಸ್ಟರುಗಳು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಅಂತ ಒಂದು ಗುಂಪು. ಅಷ್ಟು ನುಣುಪಾದರೆ ನಿದ್ದೆ ಬರುತ್ತದೆ ಅಂತ ಇನ್ನೊಂದು. ಈ ಎರಡನೇ ಗುಂಪಿನ ದೇವರು ಐಡಾಹೋದ ರಾಕಿ ಮೌಂಟನ್ ಕಂಪನಿ. ಹಳೇ ಒರಟು ಮರದ ಕೋಸ್ಟರ್ ತಗೊಂಡು ಅದರ ಮೇಲೆ ಉಕ್ಕಿನ ಹಳಿ ಕೂರಿಸುವುದು ಇವರ ಕಸುಬು. ಸೀಡರ್ ಪಾಯಿಂಟ್‌ನಲ್ಲಿ 1991ರ ಮೀನ್ ಸ್ಟ್ರೀಕ್ ಅನ್ನುವ ಮರದ ಕೋಸ್ಟರ್ ಇತ್ತು, ಮೈ ಕೈ ನೋಯಿಸುವುದಕ್ಕೇ ಹೆಸರುವಾಸಿ. 2018ರಲ್ಲಿ ಅದು ಸ್ಟೀಲ್ ವೆಂಜೆನ್ಸ್ ಆಗಿ ಎದ್ದಿತು. ಪಾರ್ಕಿನವರು ಹೇಳುವ ಪ್ರಕಾರ ಒಟ್ಟು 27.2 ಸೆಕೆಂಡ್ ಏರ್‌ಟೈಮ್, ಅದರ ಜೊತೆಗೆ ನಾಲ್ಕು ಸಲ ತಲೆಕೆಳಗು. ನಿಮ್ಮ ಮಗ ಮೊದಲು ಓಡುವುದು ಅಲ್ಲಿಗೇ. ನನ್ನ ಅಭಿಪ್ರಾಯ ಕೇಳಿದರೆ, ಅದು ಅದ್ಭುತ, ಆದರೆ ಉಸಿರಾಡಲು ಬಿಡುವುದಿಲ್ಲ. ಒಗ್ಗರಣೆಯನ್ನೇ ಊಟ ಮಾಡಿದ ಹಾಗೆ. ಇದನ್ನು ಕೋಸ್ಟರ್ ಮಂದಿಯ ಎದುರು ಹೇಳಿದರೆ ನನಗೆ ಪೆಟ್ಟು ಬೀಳುತ್ತದೆ.

ಅಂದ ಹಾಗೆ, ಹತ್ತಿದ ಪ್ರತಿ ಹೊಸ ಕೋಸ್ಟರಿಗೂ ಇವರು ಒಂದು 'ಕ್ರೆಡಿಟ್' ಅಂತ ಎಣಿಸುತ್ತಾರೆ. ಆ ಲೆಕ್ಕಕ್ಕಾಗಿ 38ನೇ ವಯಸ್ಸಿನಲ್ಲಿ ನಾನು ಕಂಬಳಿಹುಳದ ಆಕಾರದ ಮಕ್ಕಳ ಕೋಸ್ಟರಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೇನೆ. ನಿಮ್ಮ ಮಗನೂ ಮಾಡಿರುತ್ತಾನೆ, ಕೇಳಿ ನೋಡಿ.

ಈಗ ನೀವು ಏನು ಹತ್ತಬೇಕು ಅನ್ನುವುದು. ಮೊದಲು ಬಿಪಿ, ಕುತ್ತಿಗೆ, ಬೆನ್ನು ಮೂರನ್ನೂ ಡಾಕ್ಟರಿಗೆ ತೋರಿಸಿ ಕೇಳಿಕೊಳ್ಳಿ. ಹೋಗುವ ಮುಂಚೆ ಬಿಡದಿಯ ವಂಡರ್‌ಲಾ ಪಾರ್ಕಿಗೆ ಹೋಗಿ ಬಂದರೂ ಒಳ್ಳೆಯದು. ಅಲ್ಲಿನ ರಿಕಾಯಿಲ್ ಕೋಸ್ಟರ್ ಒಂದೇ ಹಳಿಯಲ್ಲಿ ಮುಂದಕ್ಕೂ ಹಿಂದಕ್ಕೂ ಓಡುತ್ತದೆ. ಹತ್ತದಿದ್ದರೂ ಪರವಾಗಿಲ್ಲ, ಕೆಳಗೆ ನಿಂತು ಲೂಪಿನ ಆಕಾರ ನೋಡಿ. ವೃತ್ತ ಅಲ್ಲ ಅನ್ನುವುದು ಕಣ್ಣಿಗೇ ಗೊತ್ತಾಗುತ್ತದೆ.

ಸೀಡರ್ ಪಾಯಿಂಟ್‌ನಲ್ಲಿ ಮೊದಲು ಬ್ಲೂ ಸ್ಟ್ರೀಕ್ ಹತ್ತಿ. 1964ರ ಮರದ ಕೋಸ್ಟರ್, ತಲೆಕೆಳಗು ಇಲ್ಲ. ಎತ್ತರ ಎಷ್ಟು ಗೊತ್ತಾ? ಸರಿಯಾಗಿ 78 ಅಡಿ. ಫೀನಿಕ್ಸ್ ಕಟ್ಟಿದ ಫಿಲಡೆಲ್ಫಿಯಾ ಟೊಬಾಗನ್ ಕಂಪನಿಯದೇ ಕೈ. ಮಗ ಆ ಹಳ್ಳಿ ಕೋಸ್ಟರಿಗೆ ಯಾಕೆ ಸೋತಿದ್ದಾನೆ ಅನ್ನುವುದು ಅಲ್ಲೇ ಅರ್ಧ ಗೊತ್ತಾಗುತ್ತದೆ. ನಡುವಿನ ಸಾಲಿನಲ್ಲಿ ಕೂರಿ. ಚಕ್ರದ ಮೇಲಿನ ಸೀಟು ಬೇಡ, ಕುಲುಕು ಜಾಸ್ತಿ. ಕೊನೇ ಸಾಲು ಬೇಡವೇ ಬೇಡ, ಅದು ಕೆಂಪು ಬಸ್ಸಿನ ಕೊನೇ ಸೀಟೇ.

ಅದು ಹಿಡಿಸಿದರೆ ಸಂಜೆ ಮಿಲೇನಿಯಂ ಫೋರ್ಸ್. ಹೌದು, 310 ಅಡಿಯದೇ. ಅಲ್ಲಿ ಭುಜಪಟ್ಟಿ ಇಲ್ಲ, ತೊಡೆಯ ಮೇಲಷ್ಟೇ ಬಾರ್, ಹಾಗಾಗಿ ಕಿವಿಗೆ ಏಟು ಬೀಳುವ ಮಾತೇ ಇಲ್ಲ. ಮಗ 'ಪರವಾಗಿಲ್ಲ' ಅಂದ ಕೋಸ್ಟರೇ ನಿಮ್ಮ ಕುತ್ತಿಗೆಗೆ ಸರಿ. ಮ್ಯಾವರಿಕ್, ಸ್ಟೀಲ್ ವೆಂಜೆನ್ಸ್ ಎರಡನ್ನೂ ಅವನಿಗೆ ಬಿಡಿ, ನೀವು ಕೆಳಗೆ ಬೆಂಚಿನಲ್ಲಿ ಐಸ್‌ಕ್ರೀಂ ತಿನ್ನಿ.

ಇನ್ನು ಸಣ್ಣಪುಟ್ಟದ್ದು. ಸೀರೆ ಬೇಡ, ದುಪಟ್ಟಾ ಇಲ್ಲದ ಚೂಡಿದಾರ್ ಸಾಕು. ಸರ ಒಳಗೆ ಸೇರಿಸಿಕೊಳ್ಳಿ, ದೊಡ್ಡ ಓಲೆ ಬಿಚ್ಚಿಡಿ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಇಲ್ಲಿಂದಲೇ ತಗೊಂಡು ಹೋಗಿ, ಅಲ್ಲಿ ಪಾರ್ಕಿನ ಅಂಗಡಿಯಲ್ಲಿ ಕೇಳುವ ಬೆಲೆಗೆ ಇಲ್ಲಿ ನಾಲ್ಕು ಬರುತ್ತವೆ. ಬಾರ್ ಕೆಳಗಿಳಿಸುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಆಮೇಲೆ ಉಸಿರು ಬಿಡಲು ಜಾಗ ಇರುವುದಿಲ್ಲ. ಮಗನಿಗೆ ಮಾತ್ರ ಈ ಸಾಲು ಓದಿ ಹೇಳಬೇಡಿ. ಅಮ್ಮನ ಬಾರ್ ಸಡಿಲ ಇರಲಿ, ಏರ್‌ಟೈಮ್ ಸಿಗಲಿ ಅಂತ ಅವನು ಉಲ್ಟಾ ಸಲಹೆ ಕೊಡುತ್ತಾನೆ.